ಕಂಡಿಕೆ ಸುತ್ತುವವಳ ಫೋಟೋ

"ನಡೆದದ್ದನ್ನು ನಡೆದಂತೆಯೇ ಹೇಳಿದರೂ ತಪ್ಪಾಗುವುದುಂಟೇ, ಗುರುಗಳೇ?" ಎಂದು ಸಂಗಯ್ಯ ಕೇಳಿದ.

ಕೇಳಲು ಕಾರಣವಿತ್ತು. ಹಿಂದಿನ ದಿನ ಮಠದ ಸಭೆಯಲ್ಲಿ ಅವನು ಪ್ರವಚನ ಮಾಡಿದ್ದ. ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ದ್ಯಾಮವ್ವನ ಬದುಕನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದ. ಗಂಡ ಬಿಟ್ಟುಹೋದದ್ದು, ಇಬ್ಬರು ಮಕ್ಕಳು ಮಣ್ಣಾದದ್ದು, ಎಲ್ಲವೂ ಅವಳೇ ಎಂದೋ ಅವನೆದುರು ಹೇಳಿಕೊಂಡದ್ದು. ಕೇಳಿದ ಜನ ಕಣ್ಣೊರೆಸಿಕೊಂಡಿದ್ದರು. ಇಂದು ದ್ಯಾಮವ್ವ ಬಡಿಸಲು ಹೊರಗೆ ಬಂದಿರಲಿಲ್ಲ. ಒಂದು ಮಾತೂ ಸುಳ್ಳು ಹೇಳಿಲ್ಲ ಎಂದು ಸಂಗಯ್ಯ ಎರಡು ಸಲ ಹೇಳಿದ.

ಗುರುಗಳು ಅವನನ್ನು ಎದುರಿಗೆ ಕುಳ್ಳಿರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಊರೆಲ್ಲ ಬಣ್ಣದ ಫೋಟೋಗೆ ಹೊರಳಿದ ಮೇಲೂ ಅವನು ಕಪ್ಪು ಬಿಳುಪನ್ನು ಬಿಡಲಿಲ್ಲ. ಫಿಲ್ಮು ತಾನೇ ತೊಳೆಯುತ್ತಿದ್ದ, ಪ್ರಿಂಟೂ ತಾನೇ ಹಾಕುತ್ತಿದ್ದ. ಕೆಲಸ ಬಲ್ಲವನು. ಆದರೆ ಊರಾಚೆ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಕೊರಗು ಅವನಿಗೆ ಇತ್ತು.

ಒಮ್ಮೆ ಅವನು ನೇಕಾರರ ಓಣಿಗೆ ಹೋದ. ಒಂದು ಮನೆಯಲ್ಲಿ ಮಗ ಮಗ್ಗದಲ್ಲಿ ಕುಳಿತು ನೇಯುತ್ತಿದ್ದ. ಅವನ ಮುದಿ ತಾಯಿ ಮೂಲೆಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಫೋಟೋ ತೆಗೆಯಲೇ ಎಂದು ಕೇಳಿದ್ದಕ್ಕೆ ಮುದುಕಿ ಹಿಗ್ಗಿದಳು. ಒಳಗೆ ಹೋಗಿ ಮುಖ ತೊಳೆದು, ತಲೆ ಬಾಚಿ, ಮಗ ನೇಯ್ದು ಕೊಟ್ಟ ಸೀರೆ ಉಟ್ಟು ಬಂದು ಕುಳಿತಳು. ಮಗ ಮಗ್ಗ ನಿಲ್ಲಿಸಿ ತಾಯಿಯನ್ನು ನೋಡಿ ನಕ್ಕ. ಒಂದು ಪ್ರತಿ ತಂದುಕೊಡುತ್ತೇನೆ ಎಂದು ಮಾತು ಕೊಟ್ಟು ಫೋಟೋಗ್ರಾಫರ್ ಹಿಂದಿರುಗಿದ.

ಆ ಓಣಿಯ ಮನೆಗಳಲ್ಲಿ ಬೆಳಕು ಸಾಲದು. ಅದಕ್ಕೆಂದೇ ಅವನು ಮಬ್ಬಿನಲ್ಲೂ ಚಿತ್ರ ಹಿಡಿಯುವ ವೇಗದ ಫಿಲ್ಮನ್ನು ಹಾಕಿಕೊಂಡು ಹೋಗಿದ್ದ. ಇನ್ನು ಅದನ್ನು ತೊಳೆಯಬೇಕು. ಅವನ ಡಾರ್ಕ್‌ರೂಮಿನಲ್ಲಿ ಫಿಲ್ಮು ತೊಳೆಯುವ ಔಷಧ, ಅಂದರೆ ಡೆವಲಪರ್, ಎರಡು ಬಗೆಯದು ಇತ್ತು. ಒಂದು ಸೌಮ್ಯವಾದದ್ದು. ಅದರಲ್ಲಿ ತೊಳೆದರೆ ಕಪ್ಪಿಗೂ ಬಿಳುಪಿಗೂ ನಡುವಿನ ಬೂದು ಛಾಯೆಗಳೆಲ್ಲ ಉಳಿಯುತ್ತವೆ. ಮುಖ ಮುಖದಂತೆಯೇ ಬರುತ್ತದೆ. ಇನ್ನೊಂದು ಖಾರವಾದದ್ದು. ವೇಗದ ಫಿಲ್ಮಿನಲ್ಲಿ ಚಿತ್ರ ಕಟ್ಟುವ ಚುಕ್ಕೆಗಳ ಕಾಳು ಮೊದಲೇ ದಪ್ಪ. ಖಾರದ ಡೆವಲಪರಿನಲ್ಲಿ ಅದು ರವೆಯಂತೆ ಎದ್ದು ಕಾಣುತ್ತದೆ, ನೆರಳು ಮಸಿಯಾಗುತ್ತದೆ, ಒಂದೊಂದು ಸುಕ್ಕೂ ಗೀರಾಗುತ್ತದೆ.

ಅವನು ಎರಡನ್ನೂ ಮುಂದಿಟ್ಟುಕೊಂಡು ಬಹಳ ಹೊತ್ತು ನಿಂತ. ಮೊದಲಿನದರಲ್ಲಿ ತೊಳೆದರೆ ಬರುವುದು ಒಳ್ಳೆಯ ಸೀರೆ ಉಟ್ಟು ನೆಮ್ಮದಿಯಾಗಿ ಕುಳಿತ ಒಬ್ಬ ಮುದುಕಿ. ಅಂಥ ಫೋಟೋ ಎದುರು ಯಾರು ನಿಲ್ಲುತ್ತಾರೆ? ದೊಡ್ಡ ಪಟ್ಟಣದಲ್ಲಿ ಆ ತಿಂಗಳು ಫೋಟೋ ಸ್ಪರ್ಧೆಯಿತ್ತು. ಅವನು ಎರಡನೆಯದನ್ನು ಸುರಿದ. ಬೇಕಾದದ್ದಕ್ಕಿಂತ ಎರಡು ನಿಮಿಷ ಹೆಚ್ಚೇ ಬಿಟ್ಟ.

ಫೋಟೋಗೆ ಮೊದಲ ಬಹುಮಾನ ಬಂತು. ಜನ ಅದರ ಮುಂದೆ ಗುಂಪುಗೂಡಿ ನಿಂತರು. ಒಂದು ಪತ್ರಿಕೆ ಅದನ್ನು ಅಚ್ಚು ಹಾಕಿ, ಕೆಳಗೆ 'ಹಸಿವು' ಎಂದು ಬರೆಯಿತು. ಆ ಹೆಸರು ಅವನು ಇಟ್ಟದ್ದಲ್ಲ. ಆದರೆ ಅದು ಹಸಿವಿನ ಮುಖವಲ್ಲವೆಂದು ಅವನು ಯಾರಿಗೂ ಬರೆಯಲಿಲ್ಲ. ಪತ್ರಿಕೆಯ ಆ ಹಾಳೆಯನ್ನು ಕತ್ತರಿಸಿ ಅಂಗಡಿಯಲ್ಲಿ ಅಂಟಿಸಿಕೊಂಡ.

ತಿಂಗಳು ಕಳೆದ ಮೇಲೆ, ಕೊಟ್ಟ ಮಾತು ನೆನಪಾಗಿ, ಪ್ರಿಂಟು ಹಿಡಿದು ನೇಕಾರರ ಓಣಿಗೆ ಹೋದ. ಅವನಿಗಿಂತ ಮೊದಲೇ ಪತ್ರಿಕೆ ಅಲ್ಲಿಗೆ ಹೋಗಿತ್ತು. ತಾಯಿಗೆ ಊಟ ಹಾಕುತ್ತೀಯೋ ಇಲ್ಲವೋ ಎಂದು ಓಣಿಯವರು ಮಗನನ್ನು ಕೇಳಿದ್ದರು. ಅವನ ತಂಗಿಯ ಗಂಡನ ಮನೆಯವರು ಬಂದು, ಬೇಕಾದರೆ ಅವ್ವನನ್ನು ನಾವು ಕರೆದುಕೊಂಡು ಹೋಗುತ್ತೇವೆ ಎಂದಿದ್ದರು. ಮಗ ಇದನ್ನೆಲ್ಲ ಮಗ್ಗದಿಂದ ತಲೆ ಎತ್ತದೆ ಹೇಳಿದ. ಬೈಯಲಿಲ್ಲ. ಒಂದೇ ಒಂದು ಮಾತು ಕೇಳಿದ.

"ಆ ದಿನ ನೀವು ನಮ್ಮಲ್ಲೇ ಉಂಡು ಹೋದಿರಲ್ಲವೇ?"

ಹೌದು, ಉಂಡಿದ್ದ. ಮುದುಕಿಯೇ ಎರಡನೆಯ ಸಲ ಬಡಿಸಿದ್ದಳು. ಫೋಟೋಗ್ರಾಫರ್ ಪ್ರಿಂಟನ್ನು ಮುದುಕಿಯ ಕೈಗೆ ಕೊಟ್ಟ.

ಮುದುಕಿ ಪ್ರಿಂಟನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದಳು. ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು. ಆಮೇಲೆ ಹೇಳಿದಳು:

"ನಾನು ಹೀಗೆ ಕಾಣುತ್ತೇನೆಂದು ಇಷ್ಟು ವರ್ಷ ಯಾರೂ ಹೇಳಲಿಲ್ಲ ನೋಡು, ತಮ್ಮಾ. ತಿಳಿಯದೆ ಮದುವೆ ಮನೆಗಳಲ್ಲಿ ಮುಂದೆಯೇ ಕೂರುತ್ತಿದ್ದೆ."

ಫೋಟೋಗ್ರಾಫರಿಗೆ ನಿಂತ ನೆಲ ಬಿರಿಯಬಾರದೇ ಎನ್ನಿಸಿತು. ಇದು ನಿನ್ನ ಮುಖವಲ್ಲ, ನಾನು ಸುರಿದ ಔಷಧ ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಹೇಳಿದರೆ ಬೇರೊಂದು ಔಷಧವೂ ಪಕ್ಕದಲ್ಲೇ ಇತ್ತೆಂದು ಹೇಳಬೇಕಾಗುತ್ತದೆ. ಅದನ್ನೇಕೆ ಮುಟ್ಟಲಿಲ್ಲ ಎಂದೂ ಹೇಳಬೇಕಾಗುತ್ತದೆ.

"ಬೆಳಕು ಕಡಿಮೆಯಿತ್ತು, ಅವ್ವಾ," ಎಂದ.

ಅವಳು ಕೂಡಲೇ ನಂಬಿದಳು. ನಂಬಿ, ತಮ್ಮ ಮನೆಯಲ್ಲಿ ಬೆಳಕಿಲ್ಲದ್ದರಿಂದ ಅವನ ಕೆಲಸ ಕೆಟ್ಟಿತೆಂದು ಮರುಗಿದಳು. ಬೇಸರ ಮಾಡಿಕೊಳ್ಳಬೇಡ ಎಂದು ಅವನಿಗೇ ಸಮಾಧಾನ ಹೇಳಿ, ಚಹಾ ಮಾಡಿ ಕೊಟ್ಟಳು. ಅವನು ಕುಡಿದ. ಮಗ ಕೊನೆಯವರೆಗೂ ತಲೆ ಎತ್ತಲಿಲ್ಲ.

ಅಲ್ಲಿಂದ ಹೊರಟವನು ಮನೆಗೆ ಹೋಗಲಾರದೆ, ತನಗೆ ಕೆಲಸ ಕಲಿಸಿದ ಹಿರಿಯರ ಬಳಿಗೆ ಹೋದ. ನಡೆದದ್ದನ್ನೆಲ್ಲ ಒಪ್ಪಿಸಿ, ನನ್ನಿಂದ ತಪ್ಪಾಯಿತೇ ಎಂದು ಕೇಳಿದ. ಹಿರಿಯರು ತಮ್ಮಲ್ಲಿದ್ದ ಪತ್ರಿಕೆ ತೆರೆದು ಆ ಫೋಟೋ ನೋಡಿದರು. ಅಂಥ ಫಿಲ್ಮು, ಅಂಥ ಬೆಳಕು. ಖಾರದ್ದರಲ್ಲಿ ತೊಳೆಯುವವರು ಎಷ್ಟೋ ಜನ ಇದ್ದಾರೆ, ಕೆಲಸದಲ್ಲಿ ಕುಂದಿಲ್ಲ ಎಂದರು. ಅವನು ಕೇಳಲು ಹೋದದ್ದು ಆ ಮಾತನ್ನೇ. ಬಾಗಿಲವರೆಗೆ ಹೋಗಿ, ಹಿಂದಿರುಗಿ ಬಂದು, ಮತ್ತೊಮ್ಮೆ ಅದನ್ನೇ ಕೇಳಿದ. ಅವರು ಮತ್ತೊಮ್ಮೆ ಅದನ್ನೇ ಹೇಳಿದರು.

ಆದರೂ ಆಮೇಲೆ ಅವನಿಗೆ ನೇಕಾರರ ಓಣಿಯಲ್ಲಿ ನಡೆಯಲು ಕಾಲು ಬರಲಿಲ್ಲ. ಪೇಟೆಗೆ ಹೋಗಬೇಕಾದರೆ ಕೆರೆಯ ಕಡೆಯಿಂದ ಸುತ್ತು ಹಾಕಿ ಹೋಗುತ್ತಿದ್ದ. ಮುದುಕಿ ಈಗ ಮದುವೆಗಳಿಗೆ ಬಂದರೂ ಹಿಂದೆ, ಗೋಡೆಯ ಕಡೆ ಕೂರುತ್ತಾಳೆಂದು ಯಾರೋ ಹೇಳಿದ್ದು ಅವನ ಕಿವಿಗೆ ಬಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಸಂಗಯ್ಯ, "ಕೊನೆಗಾದರೂ ಅವನು ಆ ತಾಯಿಯ ಬಳಿ ಹೋಗಿ ನಿಜ ಹೇಳಿದನೇ?" ಎಂದು ಕೇಳಿದ.

"ಇಲ್ಲ, ಅವನೂ ನಿನ್ನಂತೆ ಗುರುವಿನ ಬಳಿಗೇ ಹೋದ."