ಕಾಟಯ್ಯನ ಆರು ಗೂಡಿನ ತುಪಾಕಿ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಲಿ, ನಾನೇನು ಅಂಗಿ ಹಿಡಿದು ಕೂರಿಸಿಕೊಳ್ಳಲ್ಲ. ಕೂತವರು ಬಾಯಿ ಮುಚ್ಚಿಕೊಂಡು ಕೇಳಿ. ಇದು ನಮ್ಮ ಕಾಟಯ್ಯನ ಕತೆ. ಸುತ್ತ ಯಾವ ಹಟ್ಟಿಯಲ್ಲೂ ಅಂಥ ಗುರಿಗಾರ ಹುಟ್ಟಿಲ್ಲ. ಹುಟ್ಟಿದ್ದರೆ ಹೆಸರು ಹೇಳಿ, ಮೀಸೆ ಬೋಳಿಸ್ಕೊಳ್ತೀನಿ.

ನಮ್ಮ ಮುತ್ತಜ್ಜನ ಮುತ್ತಜ್ಜನಿಗೂ ಹಲ್ಲು ಮೂಡದ ಕಾಲ. ಕಾರೆಹಟ್ಟಿ ಅಂತ ಒಂದೂರು, ಅದೇ ನಮ್ಮೂರು. ಅಲ್ಲಿ ಕಾಟಯ್ಯ ಇದ್ದ. ಬತ್ತಿ ಹಚ್ಚಿ ಹಾರಿಸುವ ಉದ್ದನೆಯ ತುಪಾಕಿಯಲ್ಲಿ ಉರಿಯುವ ದೀಪದ ಕುಡಿ ಹಾರಿಸುತ್ತಿದ್ದನಂತೆ, ಎಣ್ಣೆ ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲವಂತೆ. ಅವನ ಬತ್ತಿಯ ವಾಸನೆ ಬಂದರೆ ಚಿರತೆ ಬಂದ ದಾರಿಯಲ್ಲೇ ತಿರುಗುತ್ತಿತ್ತಂತೆ.

ಹಿಂಗಿರುವಾಗ ಕೋಟೆಯ ನಾಯಕನಿಗೆ ಎಲ್ಲಿಂದಲೋ ಒಂದು ಹೊಸ ತುಪಾಕಿ ಬಂತು. ಮೊಳದುದ್ದವೂ ಇಲ್ಲ, ಒಂದೇ ಕೈಯಲ್ಲಿ ಹಿಡಿಯುವಂಥದ್ದು. ನಡುವೆ ತಿರುಗುವ ಉರುಳೆ, ಉರುಳೆಯಲ್ಲಿ ಆರು ಗೂಡು. ಗೂಡುಗೂಡಿಗೂ ಮುಂದಿನಿಂದ ಮದ್ದು ಹಾಕಬೇಕು, ಸೀಸದ ಗುಂಡು ಕೂರಿಸಿ ಅದುಮಬೇಕು, ಹಿಂದೆ ಕಿಡಿ ಕಕ್ಕುವ ತಾಮ್ರದ ಕೇಪು ತೊಡಿಸಬೇಕು. ಬತ್ತಿಯ ಗೊಡವೆಯೇ ಇಲ್ಲ. ನಾಯಕ ಕೋಟೆ ಮುಂದಿನ ಬೇವಿನ ಮರಕ್ಕೆ ಆರು ಕುಡಿಕೆ ಕಟ್ಟಿಸಿದ. ಆಯುಧಪೂಜೆಯ ದಿನ ಒಂದೊಂದಾಗಿ ಆರನ್ನೂ ಒಡೆದವನಿಗೇ ತುಪಾಕಿ ಎಂದು ಸಾರಿಸಿದ.

ಕಾಟಯ್ಯ ಅದನ್ನು ನೋಡಿದ. ನೋಡಿದ್ದೇ ಸೈ, ಮುದ್ದೆ ಗಂಟಲಿಗೆ ಇಳಿಯಲಿಲ್ಲ. ಹೆಂಡತಿ ಬೋರಮ್ಮ, "ಮದುವೆ ದಿನ ನನ್ನ ಮುಖಾನೂ ಹಿಂಗೆ ನೋಡ್ಲಿಲ್ವಲ್ಲಯ್ಯಾ ನೀನು!" ಅಂದಳಂತೆ.

ಪೂಜೆಯ ದಿನ ಬಂತು. ಗುಂಡು ಕೂರಿಸಿದ ಮೇಲೆ ಗೂಡಿನ ಬಾಯಿಗೆ ಕೊಬ್ಬು ಮೆತ್ತಬೇಕು ಎಂದು ತುಪಾಕಿ ತಂದ ವ್ಯಾಪಾರಿ ಹೇಳಿದ. ನಮ್ಮ ಹಟ್ಟಿಗೆ ಮದ್ದಿನ ಹತ್ತಿರ ಜಿಡ್ಡು ಆಗಿಬರಲ್ಲ. ಬೇಟೆಗೆ ಹೋಗುವ ದಿನ ತಲೆಗೂ ಎಣ್ಣೆ ಹಚ್ಚುತ್ತಿರಲಿಲ್ಲ. "ತುಪಾಕಿಗೆ ಬಾಣಂತನ ಮಾಡ್ತೀಯೇನೋ ಸೆಟ್ಟಿ?" ಅಂತ ಕಾಟಯ್ಯ ನಕ್ಕ. ಜನವೂ ನಕ್ಕಿತು. ಕೊಬ್ಬಿಲ್ಲದೆ ತುಂಬಿ, ಗುರಿ ಹಿಡಿದು ಹಾರಿಸಿದ.

ತಡೆಯೋಕೆ ಕೊಬ್ಬಿಲ್ಲದೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಾರಿತು, ಅಲ್ಲಿಂದ ಅದರ ಪಕ್ಕಕ್ಕೆ. ಎಲ್ಲ ಒಟ್ಟಿಗೇ ಸಿಡಿದವು. ಹೊಗೆ ತಿಳಿಯಾದಾಗ ಕುಡಿಕೆಗಳು ಇದ್ದಂತೆಯೇ ತೂಗುತ್ತಿದ್ದವು, ಕಾಟಯ್ಯನ ಕಿರುಬೆರಳು ಇರಲಿಲ್ಲ. ನಾಯಕ ತುಪಾಕಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ನಿನ್ನ ಕೊಬ್ಬನ್ನೇ ಒಂದಿಷ್ಟು ಮೆತ್ತಿದ್ದರೂ ಸಾಕಿತ್ತಲ್ಲೋ ಕಾಟ. ಬರೋ ವರ್ಷ ಬಾ" ಅಂದ.

ಆಮೇಲೆ ಕಾಟಯ್ಯ ಕಟ್ಟಿಗೆಯಲ್ಲಿ ಅಂಥದ್ದೇ ಒಂದು ತುಪಾಕಿ ಕೆತ್ತಿದ. ಮದ್ದಿಗೆ ರಾಗಿ, ಗುಂಡಿಗೆ ಕಡಲೆ, ಬಾಯಿಗೆ ಬೋರಮ್ಮ ಕಡೆದ ಬೆಣ್ಣೆ. ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ನಿದ್ದೆಯಲ್ಲೂ ಅವನ ಬೆರಳು ಬೆಣ್ಣೆ ಮೆತ್ತುತ್ತಿದ್ದವಂತೆ.

ಆದರೆ ವರ್ಷ ತುಂಬುವ ಮೊದಲೇ ನಾಯಕ ಯುದ್ಧಕ್ಕೆ ಹೋದ. ತುಪಾಕಿಯೂ ಅವನ ಸೊಂಟದಲ್ಲೇ ಹೋಯಿತು. ಪೂಜೆಯ ದಿನ ಕಾಟಯ್ಯ ತಾನೇ ಆರು ಕುಡಿಕೆ ಕಟ್ಟಿ, ಕೊಬ್ಬಿನ ಬಟ್ಟಲು ಹಿಡಿದು ಬೇವಿನ ಮರದಡಿ ಕೂತ. ನಾಯಕ ಬರಲಿಲ್ಲ. ಮುಂದಿನ ವರ್ಷವೂ ಕೂತ. ಬರಲಿಲ್ಲ. ಗಡ್ಡ ಬೆಳ್ಳಗಾಯಿತು, ಕೂತ. ಬೋರಮ್ಮ ತೀರಿಕೊಂಡಳು, ಬಟ್ಟಲು ತಾನೇ ತುಂಬಿಕೊಂಡು ಬಂದು ಕೂತ. ದೂರದಲ್ಲಿ ಧೂಳೆದ್ದರೆ ಎದ್ದು ನಿಲ್ಲುತ್ತಿದ್ದನಂತೆ, ದನದ ಮಂದೆ ಅಂತ ಗೊತ್ತಾದರೆ ಮತ್ತೆ ಕೂರುತ್ತಿದ್ದನಂತೆ.

ಒಂದು ವರ್ಷ ಆ ಧೂಳಿನೊಳಗಿಂದ ಮುದಿ ಸವಾರನೊಬ್ಬ ಬಂದ. ಬಟ್ಟೆಯ ಗಂಟೊಂದನ್ನು ಕಾಟಯ್ಯನ ಮಡಿಲಿಗಿಟ್ಟ. ಇದು ಬೇವಿನ ಮರದಡಿಯ ಕಾಟನಿಗೆ ಎಂದು ಸಾಯುವಾಗ ನಾಯಕ ಹೇಳಿದ್ದನಂತೆ. ಗಂಟಿನಲ್ಲಿದ್ದ ತುಪಾಕಿ ಪೂರಾ ತುಕ್ಕು. ಹಾರಿಸಿದ ಮೇಲೆ ಯಾರೂ ಬಿಸಿನೀರಲ್ಲಿ ತೊಳೆದಿರಲಿಲ್ಲ, ಮದ್ದಿನ ಮಸಿ ಕಬ್ಬಿಣ ತಿಂದಿತ್ತು. ಐದು ಗೂಡು ಖಾಲಿ. ಆರನೆಯದರ ಬಾಯಲ್ಲಿ ಗಟ್ಟಿಯಾದ ಕೊಬ್ಬು, ಅದರಡಿ ಗುಂಡು, ಹಿಂದೆ ಕೇಪು. ಎಳೆಗೂಸಿಗೆ ಹಚ್ಚಿದ ಹಾಗೆ ಕಾಟಯ್ಯ ಎಣ್ಣೆ ಹಚ್ಚಿದ. ಉಜ್ಜಿದ. ಹೊತ್ತು ಇಳಿಯುವಾಗ ಉರುಳೆ ಅಲುಗಿತು. ಉಳಿದ ಬೆರಳಲ್ಲಿ ಹಿಡಿದ, ಹಾರಿಸಿದ. ಆರರಲ್ಲಿ ಒಂದು ಕುಡಿಕೆ ಒಡೆಯಿತು. ಅದರ ಚೂರು ನಮ್ಮನೇಲಿದೆ, ಅನುಮಾನ ಇದ್ದೋರು ಬಂದು ಮುಟ್ಟಿ ನೋಡಿ.

ಇವತ್ತಿಗೂ ಆಯುಧಪೂಜೆಯ ದಿನ ಕಾರೆಹಟ್ಟಿಯಲ್ಲಿ ಕುಡುಗೋಲು ಕೊಡಲಿಗಳನ್ನೆಲ್ಲ ಬಿಸಿನೀರಲ್ಲಿ ತೊಳೆಯುತ್ತೇವೆ. ಬೇವಿನ ಕೊಂಬೆಗೆ ಆರು ಕುಡಿಕೆ ಕಟ್ಟಿ, ಬಾಯಿಗೆ ಬೆಣ್ಣೆ ಮೆತ್ತುತ್ತೇವೆ. ಒಡೆಯುವುದು ಒಂದನ್ನೇ. ಐದು ಹಾಗೇ ತೂಗುತ್ತವೆ.

ಜೀವಮಾನವೆಲ್ಲ ಕಾದ ಕಾಟಯ್ಯನಿಗೆ ಕೊನೆಗೆ ಸಿಕ್ಕಿದ್ದು ಒಂದು ಗುಂಡು.