ಗೊಂಬೆಯ ಕೈಗೆ ಮೊಳೆ

ಬಸ್ಸಿಳಿದ ಹುಲಿಗೆಮ್ಮ ಮನೆಗೂ ಹೋಗದೆ ನೇರ ಹೊಳೆದಂಡೆಯ ಗುಡಿಸಲಿಗೆ ಬಂದಳು. ಸಿಟ್ಟಿನಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

ಗುರು ಯಂಕಪ್ಪಜ್ಜ ತೊಗಲು ಹೆರೆಯುತ್ತ ಕೂತಿದ್ದ. ತೊಗಲುಗೊಂಬೆ ಮಾಡುವುದನ್ನೂ ಆಡಿಸುವುದನ್ನೂ ಅವಳಿಗೆ ಕಲಿಸಿದವನು ಅವನೇ.

ದೇಶದೇಶ ಸುತ್ತಲಿದ್ದ ಯುವ ಕಲಾವಿದರ ಪ್ರದರ್ಶನವೊಂದಕ್ಕೆ ಅವಳ ಗೊಂಬೆ ಆಯ್ಕೆಯಾಗಿತ್ತು. ಮೊದಲ ಪ್ರದರ್ಶನ ನಮ್ಮ ರಾಜಧಾನಿಯಲ್ಲೇ; ಅವಳು ಈಗ ಬಂದದ್ದು ಅಲ್ಲಿಂದಲೇ. ಗೊಂಬೆ ಕಲ್ಲು ಹೊರುವ ಹೆಂಗಸಿನದು. ಮೇಸ್ತ್ರಿ ಬೈದಾಗ ಆ ಹೆಂಗಸು ಬುಟ್ಟಿ ಎಸೆದು ಕೈಯೆತ್ತುತ್ತಾಳೆ. ಆ ಕೈ ಸರಿಯಾಗಿ ಏಳಲೆಂದು ಹುಲಿಗೆಮ್ಮ ಮಳೆಗಾಲವಿಡೀ ಕೂತಿದ್ದಳು.

“ಅಜ್ಜಾರ, ಆ ಕೈಗೆ ಮೊಳಿ ಹೊಡದಾರ.”

“ಯಾರು?”

“ಪ್ರದರ್ಶನದವರು. ಕೈ ಜೋತಾಡಿದ್ರ ಚೆಂದ ಕಾಣಂಗಿಲ್ಲಂತ. ಬಿಳಿ ಗ್ವಾಡಿಗೆ ಬಡದು, ಮುಂದಿನಿಂದ ಲೈಟ್ ಬಿಟ್ಟಾರ. ತೊಗಲುಗೊಂಬಿಗೆ ಹಿಂದಿನಿಂದ ಬೆಳಕು ಬೇಕು ಅನ್ನೋದೂ ಗೊತ್ತಿಲ್ಲ. ಬಂದವರೆಲ್ಲ ಎಷ್ಟು ಹಳೇ ತೊಗಲು ಅಂತ ನೋಡಿ ಹೋದ್ರು.”

ಹೊತ್ತು ಹೊತ್ತು ಸಾಕಾಗಿ ಎತ್ತುವ ಕೈ ಅದು. ಅದಕ್ಕೆ ಮೊಳೆ ಹೊಡೆಯಲು ಮನಸ್ಸಾದರೂ ಹೇಗೆ ಬಂತೋ.

ಅಜ್ಜ ಹೆರೆಯುವುದನ್ನು ನಿಲ್ಲಿಸಿದ.

“ಹೊಡಿಯೋವಾಗ ನೀ ಎಲ್ಲಿದ್ದಿ?”

“ಹೊರಗ. ಟಿವಿಯವರು ಮಾತಾಡ್ಸಾಕ ಕರದಿದ್ರು.”

“ಒಳಗ ಬಂದು ನೋಡಿದ ಮ್ಯಾಲೆ?”

“ಉದ್ಘಾಟನೆ ಹೊತ್ತಾಗಿತ್ತು. ಫೋಟೋಕ್ಕ ಗೊಂಬಿ ಮುಂದ ನಿಂದ್ರು ಅಂದ್ರು. ನಿಂತೆ.”

“ನಕ್ಕಿ?”

ಅವಳು ತಲೆ ತಗ್ಗಿಸಿದಳು. “ನಕ್ಕೆ.”

ಅಜ್ಜ ಮತ್ತೆ ತೊಗಲು ಹೆರೆಯತೊಡಗಿದ. ಅದು ಅವಳನ್ನು ಇನ್ನೂ ಕೆರಳಿಸಿತು.

“ಸೋಮವಾರ ಗೊಂಬಿ ಹೊರದೇಶಕ್ಕ ಹೊಂಟೈತಿ. ನನಗ ಆ ಪ್ರದರ್ಶನಾನ ಬ್ಯಾಡ. ವಾಪಸ್ ತಂದು ಪೆಟ್ಟಿಗ್ಯಾಗ ಇಡ್ತೀನಿ.”

ಅಜ್ಜ ಎದ್ದು ಮಬ್ಬುಗತ್ತಲ ಗುಡಿಸಲಿನೊಳಗೆ ಬಿಳಿ ಪರದೆ ಕಟ್ಟಿದ. ಹಿಂದೆ ತನ್ನದೊಂದು ಗೊಂಬೆಯನ್ನು ತೂಗುಹಾಕಿ, ಅದರ ಹಿಂದೆ ದೀಪ ಹಚ್ಚಿಟ್ಟ. ಆಮೇಲೆ ಈಚೆ ಬಂದು ಅವಳ ಪಕ್ಕದಲ್ಲೇ ಕೂತ.

ಪರದೆಯ ಮೇಲೆ ಬಣ್ಣ ಮೂಡಿತು. ಗೊಂಬೆ ಅಲುಗಲಿಲ್ಲ. ಅವಳು ಕಾದಳು.

“ಆಡಸ್ರಿ, ಅಜ್ಜಾರ.”

“ನಾ ನೋಡಾಕ ಬಂದೀನಿ,” ಎಂದ ಅಜ್ಜ. “ಎಷ್ಟು ಹಳೇ ತೊಗಲು.”

ಹುಲಿಗೆಮ್ಮನ ಮೈಯೆಲ್ಲ ಉರಿಯಿತು.

“ನೀವೂ ಹಿಂಗ ಅಂತೀರೇನು? ಹಿಂದ ಯಾರೂ ನಿಲ್ಲದ ಅದು ಹೆಂಗ ಕೈ ಎತ್ತತೈತಿ?”

ಅಂದವಳು ತನ್ನ ಮಾತು ತನಗೇ ಕೇಳಿಸಿದಂತೆ ಪರದೆಯ ಹಿಂದಿನ ಖಾಲಿ ಜಾಗದತ್ತ ನೋಡಿದಳು.

ಅಜ್ಜ ಪರದೆ ಬಿಚ್ಚಿ ಮಡಚಿದ. ದೀಪ ಆರಿಸಿ ಅದರ ಮೇಲಿಟ್ಟ. ಮೂಲೆಯಲ್ಲಿದ್ದ ಮೊಳೆ ಕೀಳುವ ಇಕ್ಕಳವನ್ನು ತಂದು, ಮೂರನ್ನೂ ಅವಳ ಕೈಗೆ ಕೊಟ್ಟ.

“ರಾಜಧಾನಿ ಬಸ್ಸು ಇನ್ನೂ ಹೋಗಿಲ್ಲ. ಚಪ್ಪಲಿ ಹೆಂಗೂ ಬಿಟ್ಟಿಲ್ಲ.”