ನೀರಿಗೆ ಎರಡು ಮೊಳ ಕಡಿಮೆ

"ಒಂದು ಮನೆ ಮಗುವಿಗೆ ತಕ್ಕದ್ದೋ ಅಲ್ಲವೋ ಎಂದು ತಿಳಿಯುವುದು ಹೇಗೆ, ಗುರುಗಳೇ?" ಎಂದು ಮುರಿಗೆಪ್ಪ ಕೇಳಿದ.

ಅವನಿಗೆ ಮಕ್ಕಳ ರಕ್ಷಣಾ ಕಚೇರಿಯಲ್ಲಿ ಕೆಲಸ. ತಬ್ಬಲಿ ಹುಡುಗಿಯೊಬ್ಬಳನ್ನು ಅಜ್ಜಿಯ ಬಳಿಯೇ ಬಿಡಬೇಕೋ, ಬಾಲಮಂದಿರಕ್ಕೆ ಕರೆತರಬೇಕೋ ಎಂದು ಮಾರನೆಯ ದಿನ ಬರೆದುಕೊಡಬೇಕಿತ್ತು.

"ಅಜ್ಜಿಗೆ ಕಣ್ಣು ಮಂಜು. ಒಲೆ ಹಚ್ಚುವುದಿಲ್ಲ. ಮಗುವಿಗೆ ವಾರದ ಏಳು ದಿನ ಏಳು ಮನೆಯ ಊಟ. ಕರೆತರುವುದೇ ಲೇಸೆಂದು ಬರೆದಿಟ್ಟಿದ್ದೇನೆ. ಸಹಿ ಹಾಕಲು ಮಾತ್ರ ಕೈ ಬರುತ್ತಿಲ್ಲ."

ಗುರುಗಳು ಕತೆ ಹೇಳಿದರು.

ಒಬ್ಬ ಅಧಿಕಾರಿ ಇದ್ದ. ಒಳ್ಳೆಯವನೇ. ಆದರೆ ಗೋಡೆಗಳ ನಡುವೆ ಬೆಳೆದವನು. ಗೋಡೆ ಇಲ್ಲದ ಕಡೆ ಅವನ ಕಣ್ಣಿಗೆ ಮನೆ ಕಾಣುತ್ತಿರಲಿಲ್ಲ. ಕೆರೆಯ ದಂಡೆಯಲ್ಲಿ ಬಿಡಾರ ಹೂಡಿದ್ದ ಬುಟ್ಟಿ ಹೆಣೆಯುವವರು ಮಗುವೊಂದನ್ನು ಕರುವಿನ ಹಾಗೆ ಕಟ್ಟಿಹಾಕುತ್ತಾರೆಂದು ಅವನಿಗೆ ದೂರು ಬಂತು. ಹೋಗಿ ನೋಡಿದ. ನಿಜ. ಎರಡು ವರ್ಷದ ಮಗುವಿನ ಸೊಂಟಕ್ಕೆ ಹಗ್ಗ. ಬಾಗಿಲಿಲ್ಲ, ತೊಟ್ಟಿಲಿಲ್ಲ, ಹಗ್ಗವೂ ಹಳೆಯದು, ಮೈತುಂಬ ಗಂಟು ಎಂದು ಬರೆದುಕೊಂಡ. ತಾಯಿ ಅಷ್ಟು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಬುಟ್ಟಿ ಹೆಣೆಯುತ್ತಿದ್ದಳು.

"ಈ ಮಗುವನ್ನು ಕರೆದೊಯ್ಯುತ್ತೇನೆ" ಎಂದು ಎತ್ತಿಕೊಂಡು ನಡೆದ. ಮೂರು ಹೆಜ್ಜೆಗೆ ಹಗ್ಗ ಜಗ್ಗಿತು. ತಾಯಿಯ ಕಾಲು ಸರ್ರನೆ ಹಿಂದಕ್ಕೆ ಬಂತು. ಹಗ್ಗದ ಇನ್ನೊಂದು ತುದಿ ಅವಳ ಕಣಕಾಲಿನಲ್ಲಿತ್ತು.

"ನಿಧಾನ, ಸ್ವಾಮಿ. ನಾನೂ ಬರಬೇಕಲ್ಲ" ಎಂದಳು ಅವಳು.

"ಇದಕ್ಕೆ ಇಷ್ಟೊಂದು ಗಂಟು ಯಾಕಮ್ಮ?"

"ಊರಿಗೊಂದು ಕೆರೆ, ಕೆರೆಗೊಂದು ಗಂಟು. ಬಿಡಾರ ಹೂಡಿದ ದಿನ ನಮ್ಮತ್ತೆ ನಾನು ಕೂರುವಲ್ಲಿಂದ ನೀರಿನವರೆಗೆ ಅಳೆದು, ಎರಡು ಮೊಳ ಕಡಿಮೆ ಮಾಡಿ ಗಂಟು ಹಾಕುತ್ತಾಳೆ. ನನ್ನ ಗಂಡನನ್ನೂ ಇದೇ ಹಗ್ಗದಲ್ಲಿ ಬೆಳೆಸಿದ್ದು. ಅವನನ್ನು ಅಷ್ಟು ಬೇಗ ಬಿಚ್ಚಬಾರದಿತ್ತು, ಬಿಡಿ."

ಅಧಿಕಾರಿ ಮಗುವನ್ನು ಕೆಳಗಿಳಿಸಿದ. ಅದು ನೆಟ್ಟಗೆ ಕೆರೆಯ ಕಡೆಗೇ ಓಡಿತು. ಹಗ್ಗ ಬಿಗಿಯಾಯಿತು. ನೀರು ಇನ್ನೂ ಎರಡು ಮೊಳ ದೂರವಿತ್ತು. ಮಗು ಅಲ್ಲೇ ಕುಕ್ಕರಿಸಿ ಮಣ್ಣಿನಲ್ಲಿ ಆಡತೊಡಗಿತು. ತಾಯಿ ತಿರುಗಿ ನೋಡದೆ ಬುಟ್ಟಿಯ ಅಂಚು ಕಟ್ಟಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅಲ್ಲಿ ಹಗ್ಗವಾದರೂ ಇತ್ತು, ಗುರುಗಳೇ. ಈ ಅಜ್ಜಿಯ ಮನೆಯಲ್ಲಿ ಅದೂ ಇಲ್ಲವಲ್ಲ."

"ಉಣ್ಣಿಸುವ ಆ ಏಳು ಮನೆಯವರ ಹೆಸರು ನಿನ್ನ ಕಾಗದದಲ್ಲಿ ಎಲ್ಲಿದೆ, ತೋರಿಸು" ಎಂದರು ಗುರುಗಳು.

ಮುರಿಗೆಪ್ಪ ಕಾಗದ ಬಿಚ್ಚದೆ, ಆ ಏಳು ಹೆಸರು ಕೇಳಿ ಬರೆದುಕೊಳ್ಳಲು ಅಜ್ಜಿಯ ಮನೆಯತ್ತ ಹೊರಟ.